ಸಬಿನೊ ಭಾವನ ಕಷಾಯಗಳು

ಕಾಂತೊ ಗ್ರಾಂದೆ ಬಡಾವಣೆಯ ನಮ್ಮ ವ್ಯಾನ್ ಸ್ಟ್ಯಾಂಡಿನಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ತಿಳಿಯಲು ಡಾಕ್ಟರನ್ನು ಕೇಳಬೇಕಾಗಿಲ್ಲ. ಬೆಳಗಿನ ಹೊತ್ತು ದೋನ್ಯಾ ಪ್ರಿಮಿಯ ತಳ್ಳುಗಾಡಿಯ ಪಕ್ಕ ನಿಂತರೆ ಸಾಕು. ಬಾರ್ಲಿ, ಅಗಸೆ, ಒಂದಿಷ್ಟು ಸೊಪ್ಪು ಸದೆ ಕುದಿಸಿದ ಬಿಸಿ ಎಮೊಲಿಯೆಂತೆ ಕಷಾಯವನ್ನು ಲೋಟಕ್ಕೆ ಬಗ್ಗಿಸಿ, ಯಾರಿಗೆ ಎಲ್ಲಿ ನೋವೋ ಅದಕ್ಕೆ ತಕ್ಕ ಸೀಸೆಯಿಂದ ಇನ್ನೊಂದಿಷ್ಟು ಸುರಿದು, ಎತ್ತರದಿಂದ ಲೋಟಕ್ಕೆ ಲೋಟ ಎತ್ತಿ ಹೊಯ್ದು ಕೊಡುತ್ತಾಳೆ. ಹಾಗಾಗಿ ಅಲ್ಲಿ ಲೋಟ ಕೇಳುವುದು ಎಂದರೆ ಕಾಯಿಲೆ ಹೇಳಿಕೊಳ್ಳುವುದು. ನಂಗೆ ಲಿವರಿಂದು, ನಂಗೆ ಗ್ಯಾಸಿಂದು, ನಮ್ಮತ್ತೆಗೆ ಮಂಡಿದು ಕಟ್ಟಿಕೊಡು, ಹೀಗೆ.

"ನಂಗೆ ಕಿಡ್ನೀದು," ಎಂದರು ಸಬಿನೊ ಭಾವ. "ಕುದುರೆಬಾಲದ ಸೊಪ್ಪಿನ ರಸ ಸ್ವಲ್ಪ ಜಾಸ್ತಿ ಹಾಕು."

"ಕಿಡ್ನಿ ಎಲ್ಲಿರತ್ತೆ ಮೇಸ್ತ್ರಿ?" ಎಂದಳು ಪ್ರಿಮಿ, ಸೀಸೆ ಬಗ್ಗಿಸದೆ. ನಮ್ಮಲ್ಲಿ ಡ್ರೈವರುಗಳನ್ನು ಮೇಸ್ತ್ರಿ ಎಂದೇ ಕರೆಯುವುದು.

ಭಾವ ಸೊಂಟ ಮುಟ್ಟಿ ತೋರಿಸಿದರು.

"ನಿನ್ನೆ ಬೆಂಚಿನ ಮೇಲೆ ಕೂರೋವಾಗ ಕೈ ಇನ್ನೂ ಒಂದು ಗೇಣು ಕೆಳಗಿತ್ತು. ಜಾರಿ ಬಿದ್ದಿದ್ಯೇನೋ ಕಿಡ್ನಿ."

ಸುತ್ತ ನಿಂತಿದ್ದ ಡ್ರೈವರುಗಳೆಲ್ಲ ನಕ್ಕರು. ನಕ್ಕವರಲ್ಲಿ ಅರ್ಧ ಜನ ಅದೇ ಸೀಸೆಯ ಗಿರಾಕಿಗಳು. ನಮ್ಮ ಗಂಡಸರು ಸೊಂಟದ ಕೆಳಗಿನ ಯಾವುದಕ್ಕೂ ಕಿಡ್ನಿ ಅಂತಲೇ ಹೇಳುವುದು.

ನಾನು ಮೌರಾ, ಭಾವನ ಹೆಂಡತಿ ಹಸಿಂತಾಳ ತಂಗಿ. ಭಾವ ಜನ ಸಾಗಿಸುವ ಕೊಂಬಿ ವ್ಯಾನು ಓಡಿಸುತ್ತಾರೆ, ನಾನು ಬಾಗಿಲಿಗೆ ಜೋತುಬಿದ್ದು ಸ್ಟಾಪಿನ ಹೆಸರು ಕೂಗಿ ದುಡ್ಡು ಇಸಿದುಕೊಳ್ಳುತ್ತೇನೆ. ದಿನವಿಡೀ ಒಬ್ಬ ಮನುಷ್ಯನ ಬೆನ್ನ ಹಿಂದೆ ಇದ್ದರೆ ಅವನ ಹೆಂಡತಿಗೂ ಗೊತ್ತಿಲ್ಲದ್ದು ಗೊತ್ತಾಗುತ್ತದೆ. ಸೀಟಿನ ಸ್ಪಂಜನ್ನು ಭಾವ ನಡುವೆ ಗುಂಡಗೆ ಕತ್ತರಿಸಿ ತೆಗೆದದ್ದು ನನಗೆ ಗೊತ್ತಿತ್ತು. ಸಿಗ್ನಲಿನಲ್ಲಿ ಅವರು ಒಂದು ಕುಂಡಿಯಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಉಚ್ಚೆ ಹೊಯ್ದು ಬಂದ ಮೇಲೆ ಒಂದು ಗಳಿಗೆ ಸ್ಟಿಯರಿಂಗಿಗೆ ಹಣೆ ಕೊಟ್ಟು ಕೂರುತ್ತಿದ್ದರು. ಕೇಳಿದರೆ, "ಇಂಜಿನ್ ಮೇಲೆ ಕೂತು ಕೂತು ಉಷ್ಣ ಆಗಿದೆ ಕಣೆ, ಅಷ್ಟೇ," ಎನ್ನುತ್ತಿದ್ದರು.

ಒಂದು ಸಲ ಮಾತ್ರ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು:

"ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು."

ಅವರಪ್ಪ ಲಾರಿ ಓಡಿಸುತ್ತಿದ್ದವರು. ಮೊದಲು ಉರಿ, ಆಮೇಲೆ ಬೆನ್ನು ನೋವು, ಆಮೇಲೆ ಹಾಸಿಗೆ. ಪ್ರಾಸ್ಟೇಟಿನ ಕ್ಯಾನ್ಸರ್ ಎಂದು ಹೆಸರು ತಿಳಿಯುವ ಹೊತ್ತಿಗೆ ಅದು ಮೂಳೆಗೆ ಇಳಿದಿತ್ತು. ಭಾವ ಈಗ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಬಂದಿದ್ದರು.

"ಹಂಗಾದ್ರೆ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ ಭಾವ."

"ನಮ್ಮಪ್ಪ ಪರೀಕ್ಷೆಗೆ ನಡ್ಕೊಂಡು ಹೋಗಿದ್ದು. ನಡ್ಕೊಂಡು ವಾಪಸ್ ಬರ್ಲಿಲ್ಲ."

"ಅಕ್ಕಂಗಾದ್ರೂ ಹೇಳಿ."

"ನೀನು ಹೇಳಿದ್ರೆ ನಾಳೆಯಿಂದ ಬೇರೆ ಗಾಡಿ ನೋಡ್ಕೋ."

ಅಕ್ಕನಿಗೆ ಅದಾಗಲೇ ಬೇರೆಯದೇ ಅನುಮಾನ ಹತ್ತಿತ್ತು. ಗಂಡ ರಾತ್ರಿ ಬೆನ್ನು ತಿರುಗಿಸಿ ಮಲಗುತ್ತಾನೆ, ಮುಟ್ಟಿದರೆ ಬೆಚ್ಚುತ್ತಾನೆ, ಬಚ್ಚಲಿನಿಂದ ಹೊರಗೇ ಬರುವುದಿಲ್ಲ. ಭಾನುವಾರ ಬಟ್ಟೆ ಒಗೆಯುವಾಗ ನನ್ನನ್ನು ಹಿಡಿದು ನಿಲ್ಲಿಸಿದಳು. "ನೀನು ದಿನಾ ಅವನ ಜೊತೆಗಿರ್ತೀಯ. ಮುಂದಿನ ಸೀಟಲ್ಲಿ ಯಾರಾದ್ರೂ ಒಬ್ಬಳು ದಿನಾ ಕೂರ್ತಾಳಾ?" ನಾನು ಇಲ್ಲವೆಂದೆ. ಅವಳು ನನ್ನ ಮುಖ ನೋಡಿದಳು, ನಾನು ನೀರಿನ ಕಡೆ ನೋಡಿದೆ. ಅಷ್ಟರಲ್ಲೇ ಅವಳಿಗೆ ಅವಳದೇ ಉತ್ತರ ಸಿಕ್ಕಿಬಿಟ್ಟಿತು.

ಅಂದಿನಿಂದ ನನಗೂ ನಿದ್ದೆ ಸರಿ ಬರುತ್ತಿರಲಿಲ್ಲ.

ನಮ್ಮ ಕೊಂಬಿಗಳಲ್ಲಿ ಒಂದು ಪದ್ಧತಿಯಿದೆ. ಸಾಮಾನು ಮಾರುವವನು ಮೆಟ್ಟಿಲ ಮೇಲೆ ಕಾಲಿಟ್ಟು "ಹತ್ಲಾ ಮೇಸ್ತ್ರಿ?" ಎಂದು ಕೇಳುತ್ತಾನೆ. ಡ್ರೈವರ್ ತಲೆ ಆಡಿಸಿದರೆ ಪುಕ್ಕಟೆ ಹತ್ತಿ, ಭಾಷಣ ಮಾಡಿ, ಮಾರಿ, ಇಳಿಯುವಾಗ ತಾನು ಮಾರುವುದರಲ್ಲೇ ಒಂದನ್ನು ಸ್ಟಿಯರಿಂಗ್ ಪಕ್ಕ ಇಟ್ಟು ಹೋಗುತ್ತಾನೆ. ಮಿಠಾಯಿಯವನು ಮಿಠಾಯಿ ಇಡುತ್ತಾನೆ, ಸೂಜಿಯವನು ಸೂಜಿ. ಆ ದಿನ ಹತ್ತಿದವನ ಕೈಯಲ್ಲಿ ನೂರು ಕ್ಯಾಪ್ಸೂಲಿನ ಹಸಿರು ಡಬ್ಬಿಗಳಿದ್ದವು. ಡಬ್ಬಿಯ ಮೇಲೊಂದು ತಾಳೆಮರದ ಚಿತ್ರ, ಅದರ ಕೆಳಗೆ ಎದೆ ಉಬ್ಬಿಸಿ ನಿಂತ ಬಿಳಿ ಕೂದಲಿನ ಮುದುಕ.

"ಮಹನೀಯರೇ, ಮಹಿಳೆಯರೇ, ಕೇಳೋದಕ್ಕೆ ಕ್ಷಮಿಸಿ, ರಾತ್ರಿ ಎಷ್ಟು ಸಲ ಏಳ್ತೀರಿ? ಎದ್ದು ಹೋಗಿ ನಿಂತ್ರೆ ಎಷ್ಟು ಹನಿ ಬೀಳತ್ತೆ? ಇದ್ರಲ್ಲಿ ಗಿಡ್ಡ ತಾಳೆ ಹಣ್ಣಿದೆ, ಬೆಕ್ಕಿನುಗುರು ಬಳ್ಳಿ ಇದೆ, ಕಾಡುಹೂವಿನ ಪರಾಗ ಇದೆ, ಸತುವಿದೆ. ಎಲ್ಲಾ ನೈಸರ್ಗಿಕ. ನೈಸರ್ಗಿಕವಾದದ್ದು ಯಾರಿಗೂ ಕೆಟ್ಟದ್ದು ಮಾಡಲ್ಲ."

"ಹಾವಿನ ವಿಷಾನೂ ನೈಸರ್ಗಿಕಾನೇ," ಎಂದ ಹಿಂದಿನ ಸೀಟಿನವನೊಬ್ಬ.

"ಅಯ್ಯೋ, ಇದೆಲ್ಲ ಯಾಕೆ," ಎಂದಳು ಸಂತೆ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸು. "ನಮ್ಮೆಜಮಾನ್ರಿಗೆ ಬರೀ ಕುಂಬಳದ ಬೀಜದಲ್ಲೇ ವಾಸಿಯಾಯ್ತು. ಹುರಿದು, ಬೆಳಿಗ್ಗೆ ಒಂದು ಹಿಡಿ."

"ಪೂರ್ತಿ ವಾಸಿಯಾಯ್ತಾ?"

"ಪೂರ್ತಿ. ವಾಸಿಯಾದ ಮೇಲೆ ಚಿಕ್ಲಾಯೊಗೆ ಹೋದ್ರು, ಇನ್ನೊಬ್ಬಳ ಜೊತೆ."

ಗಾಡಿ ತುಂಬ ನಗು. ಭಾವ ನಗಲಿಲ್ಲ. ಮಾರುವವನು ಇಳಿಯುವಾಗ ಡಬ್ಬಿ ಉಳಿಸಿಕೊಂಡು, ಜೇಬಿನಿಂದ ಮಿಠಾಯಿಯೊಂದನ್ನು ತೆಗೆದು ಇಡಹೋದ. ಭಾವ ಅವನ ಕೈಯನ್ನು ಹಾಗೇ ತಳ್ಳಿ ಡಬ್ಬಿಯ ಕಡೆ ಗದ್ದ ತೋರಿಸಿದರು.

ಮೊದಲ ವಾರ ಭಾವ ಬೇರೆ ಮನುಷ್ಯನೇ ಆಗಿಬಿಟ್ಟರು. ನೋವು ಅರ್ಧ ಇಳಿಯಿತಂತೆ. ರೇಡಿಯೋದ ಜೊತೆ ಹಾಡಿದರು ಕೂಡ. ನನಗೆ ಅದೇ ಭಯವಾಯಿತು. ಸೊಪ್ಪು ಬೇರುಗಳು ನಮ್ಮಜ್ಜಿಯ ಕಾಲದಿಂದ ನನಗೆ ಗೊತ್ತು. ಅವು ಹಾಗೆ ಓಡಿ ಬಂದು ಕೆಲಸ ಮಾಡುವುದಿಲ್ಲ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮುದುಕನಿದ್ದ, ತಾಳೆಯಿತ್ತು, ಯಾರು ಮಾಡಿದ್ದು, ಎಲ್ಲಿ, ಒಳಗೆ ಯಾವುದು ಎಷ್ಟು, ಒಂದೂ ಇರಲಿಲ್ಲ.

ಇಷ್ಟು ಗುಣವಾದ ಮೇಲೆ ಪೂರ್ತಿ ಗುಣವಾಗಿಬಿಡಲಿ ಎಂದು ಭಾವ ಎಲ್ಲವನ್ನೂ ಒಟ್ಟಿಗೆ ಹಿಡಿದರು. ಜೇಬಿನಲ್ಲಿ ಕುಂಬಳದ ಬೀಜ, ಬಾಟಲಿಯಲ್ಲಿ ಬೆಕ್ಕಿನುಗುರಿನ ಕಷಾಯ, ಒಂದು ಪೊಟ್ಟಣದಲ್ಲಿ ಅರಿಶಿನ, ಪ್ರಿಮಿಯ ಬಳಿ ಕುದುರೆಬಾಲ ಒಂದಕ್ಕೆ ಎರಡು ಲೋಟ. ಕುದುರೆಬಾಲ ಕುಡಿದರೆ ಉಚ್ಚೆ ಬರುತ್ತದೆ, ಅದು ಇರುವುದೇ ಅದಕ್ಕೆ. ಆದರೆ ಕೊಂಬಿ ಡ್ರೈವರ್ ಎಲ್ಲಿ ಇಳಿಯಬೇಕು? ನಮ್ಮ ಹಿಂದೆಯೇ ಇನ್ನೊಂದು ಕಂಪನಿಯ ಗಾಡಿ ಬರುತ್ತಿರುತ್ತದೆ. ಮೂಲೆಯಲ್ಲಿ ಎರ್ಮಿಲಿಯೊ ಎಂಬ ಮುದುಕ ನಿಂತಿರುತ್ತಾನೆ; ಹಿಂದಿನ ಗಾಡಿ ಎಷ್ಟು ನಿಮಿಷ ದೂರವಿದೆ ಎಂದು ಡ್ರೈವರುಗಳಿಗೆ ಕೂಗಿ ಹೇಳಿ ಚಿಲ್ಲರೆ ಇಸಿದುಕೊಳ್ಳುವುದೇ ಅವನ ಜೀವನ. "ಎರಡು ಮೇಸ್ತ್ರಿ, ಎರಡೇ, ಬಂದ ನೋಡು," ಎಂದು ಅವನು ಕೂಗಿದರೆ ಸಾಕು, ಭಾವ ತುಟಿ ಕಚ್ಚಿ ಆಕ್ಸಿಲರೇಟರ್ ತುಳಿಯುತ್ತಿದ್ದರು. ನಿಂತರೆ ಮುಂದಿನ ಸ್ಟಾಪಿನ ಜನ ಹಿಂದಿನ ಗಾಡಿಯವನ ಪಾಲು. ಹೊಟ್ಟೆಯಲ್ಲಿ ಎರಡು ಲೋಟ ಕುದುರೆಬಾಲ ಇಟ್ಟುಕೊಂಡು ಆ ಮನುಷ್ಯ ಊರಿನ ಈ ತುದಿಯಿಂದ ಆ ತುದಿಗೆ ಉಚ್ಚೆ ಕಟ್ಟಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಪೆಟ್ರೋಲ್ ಬಂಕಿನ ಹತ್ತಿರ, ಗಾಡಿ ತುಂಬಿರುವಾಗಲೇ, ಬ್ರೇಕ್ ಹಾಕಿ ಇಳಿದು ಓಡಿದರು. ವಾಪಸ್ ಬಂದಾಗ ಮುಖ ಬಿಳುಚಿಕೊಂಡಿತ್ತು, ಅಂಗಿ ಬೆನ್ನಿಗೆ ಅಂಟಿತ್ತು.

"ಬರ್ತಾ ಇಲ್ಲ ಮೌರಾ."

"ಏನು?"

"ಒಂದು ಹನಿಯೂ ಬರ್ತಾ ಇಲ್ಲ. ಒಳಗೆ ಒಡ್ಕೊಂಡು ಹೋಗೋ ಹಂಗಿದೆ."

ಸೀಟಿಗೆ ಹತ್ತಿ ಗಾಡಿಯನ್ನು ರೂಟು ಬಿಟ್ಟು ಎಡಕ್ಕೆ ತಿರುಗಿಸಿದರು. ಹಿಂದಿನಿಂದ ಕೂಗು ಎದ್ದಿತು.

"ಮೇಸ್ತ್ರಿ, ಇದು ನಮ್ಮ ದಾರಿ ಅಲ್ಲ."

"ಆಸ್ಪತ್ರೆಗೆ ಹೋಗ್ತಿದೆ," ಎಂದೆ. "ಇಳಿಯೋರು ಸಿಗ್ನಲಲ್ಲಿ ಇಳೀರಿ, ದುಡ್ಡು ವಾಪಸ್."

"ನಾನಿಳಿಯಲ್ಲ," ಎಂದಳು ಕಿಟಕಿಯ ಪಕ್ಕದ ಅಜ್ಜಿ. "ನಂಗೂ ಆಸ್ಪತ್ರೆಗೇ ಹೋಗ್ಬೇಕು. ಇನ್ನೊಂದು ಬಸ್ ಹಿಡೀಬೇಕಲ್ಲಾ ಅನ್ಕೊಂಡಿದ್ದೆ."

ಎಮರ್ಜೆನ್ಸಿಯ ಬಾಗಿಲಲ್ಲಿ ಗಾಡಿ ನಿಲ್ಲಿಸಿದಾಗ ಆ ಅಜ್ಜಿಯೇ ಭಾವನ ಇನ್ನೊಂದು ತೋಳು ಹಿಡಿದು ಇಳಿಸಿದಳು.

ಕೊಳವೆ ಹಾಕಿ ಉಚ್ಚೆ ತೆಗೆದರು. ಆಮೇಲೆ ನರ್ಸು ಹೊರಬಂದು, ಮನೆಯವರು ಯಾರು ಎಂದಳು. ನಾದಿನಿ ಎಂದೆ. "ನಾದಿನಿ ಅಲ್ಲ, ಹೆಂಡ್ತೀನ ಕರೀರಿ." ನಾನು ಫೋನ್ ಮಾಡಿದೆ. ಆಸ್ಪತ್ರೆಗೆ ಬಾ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಅಕ್ಕ ಅಡುಗೆಯ ಏಪ್ರನ್ನಿನಲ್ಲೇ ಬಂದಳು. ಗಾಡಿ ಗುದ್ದಿರಬೇಕು ಎಂದುಕೊಂಡಿದ್ದಳಂತೆ. ಭಾವನ ಕೈಕಾಲೆಲ್ಲ ನೆಟ್ಟಗಿದ್ದವು. ಮಂಚದ ಕಂಬಿಗೆ ನೇತುಹಾಕಿದ್ದ ಹಳದಿ ಚೀಲವನ್ನು ನೋಡಿದಳು, ಅದರ ಕೊಳವೆ ಎಲ್ಲಿಗೆ ಹೋಗಿದೆ ಎಂದು ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು.

"ಯಾರವಳು?" ಎಂದಳು.

"ಯಾವಳು?"

"ನಿಂಗೆ ಈ ರೋಗ ಹತ್ತಿಸಿದವಳು."

ಭಾವ ಕಣ್ಣು ಮುಚ್ಚಿಕೊಂಡರು. "ಯಾರೂ ಇಲ್ಲ ಹಸಿಂತಾ. ಅಪ್ಪಂದು ಅದು. ಅಪ್ಪಂದೇ ಬಂದಿದೆ ಅಂತ ಕಾಣತ್ತೆ."

ಅಕ್ಕ ಮಂಚದ ತುದಿಯಲ್ಲಿ ಕುಳಿತಳು. ಯಾರಿಗೂ ಅಲ್ಲ ಎನ್ನುವ ಹಾಗೆ, "ಹೆಂಗಸೇ ಆಗಿದ್ದಿದ್ರೆ ಚೆನ್ನಾಗಿತ್ತು," ಎಂದಳು.

ಡಾಕ್ಟರ್ ಇಬಾನ್ಯೆಸ್ ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. ಏನೇನು ತಗೊಳ್ತಿದ್ದೀರಿ ಎಂದು ಕೇಳಿದರು. ನಾನು ಡ್ರೈವರ್ ಸೀಟಿನ ಕೆಳಗಿನ ಚೀಲ ತಂದು ಮೇಜಿನ ಮೇಲೆ ಸುರಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಂದೊಂದನ್ನೇ ಎತ್ತಿ ನೋಡಿದರು.

"ಕುಂಬಳದ ಬೀಜ ತಿನ್ನೋದಾದ್ರೆ ತಿನ್ನಿ, ಅದು ಊಟ. ಪರಾಗದಿಂದ ಕೆಲವ್ರಿಗೆ ನೋವು ಇಳಿದಿದ್ದುಂಟು, ಆದ್ರೆ ಅದನ್ನ ಸರಿಯಾದ ಔಷಧಿ ಅಂಗಡೀಲಿ ತಗೋಬೇಕು, ಈಗಲ್ಲ. ಕುದುರೆಬಾಲ ಕುಡಿದು ಕಟ್ಕೊಂಡು ಕೂತ್ರೆ ಇದೇ ಆಗೋದು." ಹಸಿರು ಡಬ್ಬಿಯನ್ನು ಬೆಳಕಿಗೆ ಹಿಡಿದರು. "ಇದ್ರೊಳಗೆ ಏನಿದೆ ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇಂಥ ಡಬ್ಬಿಗಳಲ್ಲಿ ಬೇರೆ ಮಾತ್ರೆ ಪುಡಿ ಮಾಡಿ ಸೇರಿಸಿರ್ತಾರೆ. ಎಸೀರಿ."

"ಅಪ್ಪಂದೇನಾ ಡಾಕ್ಟ್ರೇ?" ಎಂದರು ಭಾವ.

"ಬೆರಳಿಗೆ ಸಿಕ್ಕಿದ ಮಟ್ಟಿಗೆ ಪ್ರಾಸ್ಟೇಟಿನಲ್ಲಿ ಗಂಟು ಇಲ್ಲ. ಊತ ಇದೆ, ಹಳೇ ಊತ. ಸುತ್ತಲಿನ ಮಾಂಸಖಂಡ ಕಲ್ಲಾಗಿದೆ. ಆದ್ರೆ ನಿಮ್ಮಪ್ಪನ ಕಥೆ ಇರೋದ್ರಿಂದ ರಕ್ತದಲ್ಲಿ ಪ್ರಾಸ್ಟೇಟಿನ ಅಂಕಿ ನೋಡ್ಲೇಬೇಕು. ಈಗ ನೋಡಿದ್ರೆ ಊತಕ್ಕೆ, ಕೊಳವೆಗೆ ಅಂಕಿ ಸುಮ್ಸುಮ್ನೆ ಏರಿರತ್ತೆ. ಒಂದೂವರೆ ತಿಂಗಳು ಬಿಟ್ಟು ನೋಡೋಣ. ಅಲ್ಲೀವರ್ಗೂ ನಾನು ಬರೆದಿದ್ದು ಬಿಟ್ಟು ಬೇರೇನೂ ಬಾಯಿಗೆ ಹಾಕ್ಕೋಬೇಡಿ. ನಂಗೆ ನೀವು ಹೆಂಗಿದ್ದೀರೋ ಹಂಗೇ ಬೇಕು."

ಡಬ್ಬಿಯನ್ನು ಅಕ್ಕ ತಾನೇ ತೆಗೆದುಕೊಂಡಳು, ಎಸೆಯುತ್ತೇನೆ ಎಂದು.

ಆ ಒಂದೂವರೆ ತಿಂಗಳನ್ನು ಹೇಗೆ ಕಳೆದೆವೋ. ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳ ಹತ್ತಿರ ಭಾವನನ್ನು ಕಳಿಸಿದರು. ಅವಳು ಮಲಗಿಸಿ ಉಸಿರಾಡಲು ಕಲಿಸಿದಳು. ಯಾವಾಗ ಕೆಳಗೆ ಬಿಗಿ ಹಿಡಿಯುತ್ತದೆ, ದಿನವೆಲ್ಲ ಗಮನಿಸಿ ಬನ್ನಿ ಎಂದಳು. ಮರುದಿನ ಮೂಲೆಯಲ್ಲಿ ಎರ್ಮಿಲಿಯೊ "ಒಂದೇ ಮೇಸ್ತ್ರಿ, ಬೆನ್ನಿಗೇ ಇದಾನೆ," ಎಂದು ಕೂಗಿದಾಗ ಭಾವ ಗಾಡಿಯನ್ನು ಅಲ್ಲೇ ನಿಲ್ಲಿಸಿಬಿಟ್ಟರು.

"ಮೌರಾ, ಇವನು ಕೂಗಿದ ತಕ್ಷಣ ನನ್ನ ಕುಂಡಿ ಮುಷ್ಟಿ ಕಟ್ಟತ್ತೆ ಕಣೆ."

"ಅದನ್ನ ಅಷ್ಟು ಜೋರಾಗಿ ಹೇಳ್ಬೇಡಿ ಭಾವ, ಜನ ಇದಾರೆ."

ಆಮೇಲೆ ಎರ್ಮಿಲಿಯೊಗೆ ಚಿಲ್ಲರೆ ಕೊಟ್ಟು, "ನಂಗೆ ಮಾತ್ರ ಹೇಳ್ಬೇಡ ಮಾರಾಯ," ಎಂದರು. ಹೇಳುವುದಕ್ಕೆ ಕೊಡುವವರನ್ನು ಕಂಡಿದ್ದ ಮುದುಕ, ಹೇಳದಿರುವುದಕ್ಕೆ ಕೊಡುವವನನ್ನು ಅವತ್ತೇ ಕಂಡದ್ದು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಹೋಗಿಬರುವುದೂ ರೂಢಿಯಾಯಿತು. ಹಿಂದಿನ ಗಾಡಿ ಹಾರ್ನ್ ಮಾಡಿ ನಮ್ಮ ಜನರನ್ನು ಬಾಚಿಕೊಂಡು ಹೋಗುತ್ತಿತ್ತು. ಆದಾಯ ಇಳಿಯಿತು, ನೋವೂ ಒಂದಿಷ್ಟು ಇಳಿಯಿತು.

ಭಯ ಮಾತ್ರ ಇಳಿಯಲಿಲ್ಲ. ಭಾವ ಹಿಂದೆ ನೋವಿಗೆ ಹೆದರುತ್ತಿದ್ದವರು, ಈಗ ನೋವಿಲ್ಲದ ದಿನಕ್ಕೂ ಹೆದರಿದರು. ಅಪ್ಪನಿಗೂ ನಡುವೆ ಹೀಗೆ ಗುಣವಾದಂತೆ ಆಗಿತ್ತಂತೆ. ಅಕ್ಕ ಮಾತು ಕಡಿಮೆ ಮಾಡಿದಳು. ಬೆಳಗ್ಗೆ ಎದ್ದು ತಾನೇ ಕ್ವಿನೊವಾ ಗಂಜಿ ಕಾಯಿಸಿ, ಅವರು ಕೊನೆಯ ತುತ್ತು ನುಂಗುವವರೆಗೆ ಎದುರು ನಿಂತಿರುತ್ತಿದ್ದಳು. ಎಷ್ಟು ಪ್ರೀತಿ ಎಂದುಕೊಂಡೆ.

ಫಲಿತಾಂಶದ ದಿನ ಮೂವರೂ ಹೋದೆವು. ಡಾಕ್ಟರ್ ಇಬಾನ್ಯೆಸ್ ಕಂಪ್ಯೂಟರ್ ನೋಡಿ, ಕನ್ನಡಕ ಹಣೆಗೇರಿಸಿ, "ಬಹಳ ಚೆನ್ನಾಗಿದೆ ದೋನ್ ಸಬಿನೊ," ಎಂದರು. "ನಾನು ಅಂದ್ಕೊಂಡಿದ್ದಕ್ಕಿಂತ ಕಡಿಮೆ ಇದೆ ಅಂಕಿ. ಅಪ್ಪಂದನ್ನ ಇನ್ನು ತಲೆಯಿಂದ ತೆಗೆದ್ಹಾಕಿ."

ಭಾವ ನನ್ನ ಕೈ ಹಿಡಿದುಕೊಂಡರು, ಹೆಂಡತಿಯ ಕೈಯೆಂದು ತಿಳಿದು. ನಾನು ಬಿಡಿಸಿಕೊಂಡು ಅಕ್ಕನ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ತಿರುಚುತ್ತಿದ್ದಳು.

"ಡಾಕ್ಟ್ರೇ," ಎಂದಳು, "ಆ ಹಸಿರು ಡಬ್ಬಿ ಅಂಕೀನ ಕಡಿಮೆ ಮಾಡತ್ತಾ?"

"ಅದನ್ನ ಎಸೆದ್ರಲ್ಲ."

"ಮಾಡತ್ತಾ, ಹೇಳಿ."

ಡಾಕ್ಟರ್ ಕನ್ನಡಕ ಕೆಳಗಿಳಿಸಿದರು. "ಅದ್ರಲ್ಲಿ ಏನು ಸೇರಿಸಿದ್ರು ಅನ್ನೋದರ ಮೇಲೆ. ಒಂದು ಜಾತಿ ಮಾತ್ರೆ ಇದೆ, ಅದು ಅಂಕೀನ ಕೆಳಗೆ ಎಳೆಯತ್ತೆ. ಒಳಗೆ ಏನಾದ್ರೂ ಇದ್ರೂ ಕಾಣ್ದಂಗೆ."

"ಮೊದಲ ವಾರ ಅದ್ರಿಂದ ಎಷ್ಟು ಗುಣ ಆಗಿತ್ತು ಅಂತ ಇವಳು ಹೇಳಿದ್ಲು. ನಿಮ್ಮ ಮಾತ್ರೆ ನಿಧಾನ. ಅಷ್ಟು ದಿನ ಏನೂ ಕೊಡ್ದೆ ಸುಮ್ನೆ ಕೂತು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ. ಡಬ್ಬಿ ಎಸೀಲಿಲ್ಲ, ಒಂದೊಂದೇ ಕ್ಯಾಪ್ಸೂಲ್ ಬಿಡಿಸಿ, ಪುಡೀನ ಗಂಜೀಲಿ ಹಾಕ್ತಿದ್ದೆ. ದಿನಾ."

ಈಗಷ್ಟೇ ಅಳಿಸಿಹೋದ ಆ ಅಪ್ಪ ಮತ್ತೆ ಬಂದು ನಮ್ಮ ನಡುವೆ ಕುಳಿತ ಹಾಗಾಯಿತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಆ ದಿನ ನಾವು ನಗುತ್ತಾ ಮನೆಗೆ ಹೋಗುತ್ತಿದ್ದೆವು. ಅವಳಿಗೂ ಅದು ಗೊತ್ತಿತ್ತು.

ಭಾವ ಬೈಯುತ್ತಾರೆ ಎಂದುಕೊಂಡೆ. ಅವರು ಹೆಂಡತಿಯನ್ನು ತಿರುಗಿ ನೋಡಿದರು.

"ಅದಕ್ಕೇನಾ ಗಂಜಿ ಅಷ್ಟು ಕಹಿ ಇರ್ತಿದ್ದಿದ್ದು?"

"ಹೂಂ."

"ನಿಂಗೆ ನನ್ನ ಮೇಲೆ ಕೋಪ ಇನ್ನೂ ಇಳಿದಿಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಕೇಳ್ದೆ ತಿಂತಿದ್ದೆ."

ಅಕ್ಕ ಅಲ್ಲಿಯೇ ಅತ್ತಳು. ಡಾಕ್ಟರ್ ಕಿಟಕಿಯ ಕಡೆ ನೋಡುತ್ತಾ ಕುಳಿತು, ಅವಳು ಮೂಗು ಒರೆಸಿಕೊಂಡ ಮೇಲೆ ಹೇಳಿದರು: "ಹೇಳಿದ್ದು ಒಳ್ಳೇದಾಯ್ತು. ಈ ಅಂಕೀನ ನಾನೀಗ ನಂಬೋ ಹಂಗಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ತೆಗೆಯೋಣ. ಬರೀ ಗಂಜಿ, ಅಮ್ಮಾ."

ಮೂರು ತಿಂಗಳು. ಮೊದಲನೆಯ ಕಾಯುವಿಕೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಹೆದರಿದ್ದರು, ಎರಡನೆಯದರಲ್ಲಿ ಒಟ್ಟಿಗೆ ಹೆದರಿದರು. ಕಂಡ ವ್ಯತ್ಯಾಸ ಅಷ್ಟೇ, ಆದರೆ ಅದೇನೂ ಚಿಕ್ಕದಲ್ಲ. ಅಕ್ಕ ಬೆಳಗ್ಗೆ ಗಂಜಿಯ ಬಟ್ಟಲು ಮುಂದಿಟ್ಟು, ಭಾವ ನೋಡುತ್ತಿರುವಾಗಲೇ ಅದರಿಂದ ತಾನು ಮೊದಲು ಒಂದು ಚಮಚ ತಿನ್ನುತ್ತಿದ್ದಳು. ಭಾವ ಬೇಡವೆಂದರೂ ಬಿಡಲಿಲ್ಲ. ಕೆಲವು ದಿನ ನೋವು ಮತ್ತೆ ಏರುತ್ತಿತ್ತು. ಅಂದು ಅವರು ಮನೆಗೆ ಬಂದು ನೆಲದ ಮೇಲೆ ಮಲಗಿ, ಕಾಲು ಕುರ್ಚಿಯ ಮೇಲಿಟ್ಟು, ಆ ಹುಡುಗಿ ಕಲಿಸಿದಂತೆ ಹೊಟ್ಟೆಯಲ್ಲಿ ಉಸಿರಾಡುತ್ತಿದ್ದರು. ಪಕ್ಕದಲ್ಲಿ ಅಕ್ಕನೂ ಮಲಗಿ ಉಸಿರಾಡುತ್ತಿದ್ದಳು, ಅವಳಿಗೇನೂ ಆಗಿರದಿದ್ದರೂ. ಒಂದು ಸಂಜೆ ನಾನು ಬಾಗಿಲು ತೆರೆದು, ಇಬ್ಬರನ್ನೂ ಹಾಗೆ ನೋಡಿ, ಸದ್ದಿಲ್ಲದೆ ಹೊರಗೆ ಬಂದೆ.

ಎರಡನೆಯ ಸಲ ಅಂಕಿ ಕೊಂಚ ಮೇಲಿತ್ತು. ಡಾಕ್ಟರ್ ಅದನ್ನು ಹೇಳಿದಾಗ ಭಾವ ಮೇಜಿನ ಅಂಚು ಹಿಡಿದರು.

"ಕೊಂಚ ಅಂದ್ರೆ ಕೊಂಚಾನೇ," ಎಂದರು ಡಾಕ್ಟರ್. "ನಿಮ್ಮ ವಯಸ್ಸಿಗೆ ಇದು ಸರಿಯಾಗಿದೆ. ಇದನ್ನ ನಾನು ನಂಬ್ತೀನಿ. ನಿಮ್ಮಪ್ಪಂದಲ್ಲ ಇದು."

"ಮತ್ತೆ ನೋವು?"

"ಅದು ನಿಮ್ಮದೇ. ಹೋಗತ್ತೆ, ಬರತ್ತೆ. ಹೋಗೋ ದಿನ ಜಾಸ್ತಿ ಆಗೋ ಹಂಗೆ ನೋಡ್ಕೊಳ್ಳೋಣ. ಆದ್ರೆ ರಕ್ತ ಮಾತ್ರ ವರ್ಷಕ್ಕೊಂದು ಸಲ ನೋಡ್ಲೇಬೇಕು."

"ವರ್ಷಾ ವರ್ಷಾ ಹಿಂಗೇ ಹೆದ್ರಬೇಕಾ ಡಾಕ್ಟ್ರೇ?"

ಅಕ್ಕ ಚೀಲವನ್ನು ಹೆಗಲಿಗೇರಿಸಿ ಎದ್ದು ನಿಂತಳು.

"ಹೆದರ್ಕೊಂಡೇ ಬರ್ತೀವಿ," ಎಂದಳು. "ಯಾವ ತಿಂಗಳು ಅಂತ ಹೇಳಿ."